ವಿಧಿಯ ಹೆಗಲಿಗೇರಿಸಿದ ಹಿಮ

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು 10 ಯೋಧರು ಹೂತುಹೋದರು. ಅವರಲ್ಲೊಬ್ಬರು ಹಾಸನ ತಾಲ್ಲೂಕಿನ ತೇಜೂರಿನವರು. ಯೋಧರು ಅಲ್ಲಿದ್ದುದು ಕರ್ತವ್ಯದ ಕರೆಗೆ. ರಜೆ ಬಂತೆಂದು ಅರಸೀಕೆರೆ, ಬೇಲೂರು, ಹಳೇಬೀಡುಗಳಿಂದ ಹಿಮಾಲಯದ ಚಾರಣಕ್ಕೆ ಹೊರಡುವ ತರುಣರಿಗೆ ಅಂತಹ ಕಟ್ಟಳೆ ಯಾವುದಿದೆ?

2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾದಲ್ಲಿ ಪರ್ವತಾರೋಹಣದ ಶಿಬಿರಾರ್ಥಿಗಳ ಮೇಲೆಯೇ ಹಿಮ ಕುಸಿಯಿತು. 27 ಶವಗಳು ದೊರೆತವು. 2024ರ ಜೂನ್‌ನಲ್ಲಿ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಲುಕಿದ ಕರ್ನಾಟಕದ ಚಾರಣ ತಂಡದ 22 ಮಂದಿಯಲ್ಲಿ 9 ಮಂದಿ ಮರಳಲಿಲ್ಲ. ಪ್ರತಿ ಬಾರಿಯೂ ಕೇಳಿಬರುವುದು ಒಂದೇ ಮಾತು: ವಿಧಿ.

ಹಿಮಕ್ಕೆ ವಿಧಿಯಿಲ್ಲ, ನಿಯಮವಿದೆ. ಹಳೆಯ ಸಡಿಲ ಪದರದ ಮೇಲೆ ಹೊಸ ಹಿಮ ಕೂರುತ್ತದೆ. ಗಾಳಿ ಅದನ್ನು ಶಿಖರದ ಮರೆಯ ಬದಿಗೆ ತಂದು ಪೇರಿಸುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆ ಹೊರೆ ಹಲಗೆಯಂತೆ ಜಾರಲು ಒಬ್ಬನ ಹೆಜ್ಜೆಯ ಭಾರವೂ ಸಾಕು. ಕುಸಿತಕ್ಕೆ ಸಿಕ್ಕ ಚಾರಣಿಗರಲ್ಲಿ ಬಹುಪಾಲು ಮಂದಿ ಅದನ್ನು ತಾವೇ ಅಥವಾ ತಮ್ಮ ಜೊತೆಗಾರರೇ ಎಬ್ಬಿಸಿರುತ್ತಾರೆ. ಹೂತವರು ಬದುಕುವ ಆಸೆ ಮೊದಲ ಕಾಲು ಗಂಟೆಯದು. ಅಷ್ಟರಲ್ಲಿ ಹೆಲಿಕಾಪ್ಟರ್ ಬಾರದು, ಜೊತೆಗಾರನೇ ಅಗೆಯಬೇಕು. ಅವನ ಚೀಲದಲ್ಲಿ ಸಂಕೇತ ಹಿಡಿಯುವ ಟ್ರಾನ್ಸೀವರ್, ಚುಚ್ಚಿ ನೋಡುವ ಸರಳು, ಸಲಿಕೆ ಇಲ್ಲದಿದ್ದರೆ ಅವನು ಬರಿಯ ಸಾಕ್ಷಿ.

ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ನೀಡುತ್ತದೆ. ಹಣ ಪಡೆದು ಜನರನ್ನು ಕರೆದೊಯ್ಯುವವರು ಅದನ್ನು ಓದಿ ಹೇಳುವ ಹೊಣೆ ಹೊರಬೇಡವೇ? 'ಇಂದು ಬೇಡ, ಹಿಂದಿರುಗೋಣ' ಎನ್ನುವ ಮುಂದಾಳುವನ್ನು ಹೇಡಿಯೆನ್ನುವ ಗುಂಪು ಬೆಟ್ಟಕ್ಕೆ ಅರ್ಹವಲ್ಲ.

ಇದು ದೂರದ ಹಿಮದ ಕಥೆಯಷ್ಟೇ ಎಂದು ಮಲೆನಾಡು ಸುಮ್ಮನಿರುವಂತಿಲ್ಲ. ಇಳಿಜಾರು, ಹೊರೆ, ಸಡಿಲ ಪದರ ಎಂಬ ಮೂರು ಮಾತು ಸಕಲೇಶಪುರದ ಮಣ್ಣಿಗೂ ಸಲ್ಲುತ್ತವೆ. 2024ರ ಜುಲೈನಲ್ಲಿ ಶಿರಾಡಿ ಹೆದ್ದಾರಿಯ ದೊಡ್ಡತಪ್ಪಲೆಯಲ್ಲಿ ಗುಡ್ಡ ಜರಿಯಿತು. ಅದೇ ತಿಂಗಳು ಎಡಕುಮೇರಿಯ ಬಳಿ ರೈಲುಹಾದಿ ಕುಸಿದು ಮಂಗಳೂರಿನ ರೈಲುಗಳು ನಿಂತವು. ಗುಡ್ಡದ ಬುಡವನ್ನು ನೆಟ್ಟಗೆ ಕಡಿದವರೂ ದೂಷಿಸಿದ್ದು ಮಳೆಯನ್ನೇ.

ಹಿಮಕ್ಕಾದರೂ ಎಚ್ಚರಿಕೆಯ ಪತ್ರವಿದೆ, ಅದನ್ನು ಓದುವವರಿಲ್ಲ. ಘಟ್ಟದಲ್ಲಿ ಜರಿದ ಮಣ್ಣೇ ಎಚ್ಚರಿಕೆ, ಅದನ್ನು ಬಳಿದು ಹಾಕಿ ಮತ್ತೆ ಕಡಿಯುತ್ತಾರೆ. ಎರಡೂ ಕಡೆ ಸಾಯುವವರು ಮಾತ್ರ ಕಡಿದವರಲ್ಲ, ಕರೆದೊಯ್ದು ಹಣ ಎಣಿಸಿದವರೂ ಅಲ್ಲ.