ಮುದ್ದೆ ನುಂಗುವ ನಾಡಿನಲ್ಲಿ ಜಠರಪಟ್ಟಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕಡೆ ನಾವು ಮುದ್ದೆಯನ್ನು ಅಗಿಯುವುದಿಲ್ಲ. ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಬೊಜ್ಜು ಇಳಿಸಲು ಜಠರದ ಮೇಲ್ಭಾಗಕ್ಕೆ ಸಿಲಿಕೋನ್ ಪಟ್ಟಿ ಹಾಕಿಸಿಕೊಂಡವರಿಗೆ ಈ ಅಭ್ಯಾಸವೇ ಕಂಟಕ. ಅಗಿಯದ ತುತ್ತು ಪಟ್ಟಿಯ ಬಳಿ ಸಿಕ್ಕಿಕೊಂಡು ವಾಂತಿಯಾಗುತ್ತದೆ. ಕನಕಪುರದ ನನ್ನ ಬಂಧುವೊಬ್ಬರು, ಬಡಿಸುವವರ ಒತ್ತಾಯಕ್ಕೆ ಹೆದರಿ, ಬೀಗರೂಟಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ.

ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿಯು ದೇಹತೂಕ ಸೂಚ್ಯಂಕ 40, ತೀವ್ರ ರೋಗಗಳಿದ್ದರೆ 35 ಮುಟ್ಟಿದವರ ಬೊಜ್ಜಿನ ಶಸ್ತ್ರಚಿಕಿತ್ಸೆಯನ್ನು ಷರತ್ತುಗಳೊಂದಿಗೆ ವಿಮೆಯೊಳಗೆ ತಂದಿತು. ಆದರೆ ಖರ್ಚು ಅಲ್ಲಿಗೆ ಮುಗಿಯದು. ಲವಣದ್ರಾವಣ ತುಂಬಿಯೋ ತೆಗೆದೋ ಪಟ್ಟಿಯ ಬಿಗಿತವನ್ನು ಆಗಾಗ ಸರಿಪಡಿಸಬೇಕು. ನನ್ನ ಬಂಧುವಿಗೆ ಪ್ರತಿ ಬಾರಿಯೂ ಬೆಂಗಳೂರು ಪ್ರಯಾಣ, ಒಂದು ದಿನದ ದುಡಿಮೆಯ ನಷ್ಟ. ಈ ಭಾಗ 2007ರಲ್ಲೇ ಪ್ರತ್ಯೇಕ ಜಿಲ್ಲೆಯಾಯಿತು. ಇಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಮ್ಮೆಯಾದರೂ ಆಹಾರತಜ್ಞರು ಕುಳಿತು, ತುತ್ತು ಎಷ್ಟಿರಬೇಕು, ಎಷ್ಟು ಹೊತ್ತು ಅಗಿಯಬೇಕು ಎಂಬುದನ್ನು ನಮ್ಮ ಮುದ್ದೆ-ಸಾರಿನ ಲೆಕ್ಕದಲ್ಲೇ ಹೇಳಿಕೊಡಬೇಕು.