ಶ್ರುತಿ ಮಾಡುವುದು ಬೇರೆ, ‘ಅಡ್ಜಸ್ಟ್’ ಮಾಡುವುದು ಬೇರೆ



ಈ ಸಲ ಹಳೆಯ ನೆನಪಿನ ಜೊತೆಗೆ ಒಂದು ಜಗಳವನ್ನೂ ತಂದಿದ್ದೇನೆ. ಜಗಳ ಆರಂಭವಾದದ್ದು ನನ್ನ ಸೋದರಳಿಯನೊಡನೆ. ಆದರೆ ಅವನು ನೆಪ ಮಾತ್ರ.

ಅವನು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಸ್ವಂತವಾಗಿ ಒಂದು ಸಿಎನ್‌ಸಿ ರೌಟರ್ ಕಟ್ಟಿದ್ದಾನೆ. ಗಣಕದ ಆಜ್ಞೆಯಂತೆ ತಿರುಗುವ ಉಳಿಯೊಂದು ಎಡಬಲ, ಹಿಂದುಮುಂದು, ಮೇಲುಕೆಳಗು ಚಲಿಸಿ ಮರವನ್ನು ಕೊರೆಯುವ ಯಂತ್ರವದು. ಅಲ್ಯೂಮಿನಿಯಂ ಪಟ್ಟಿಗಳು, ಮೂರು ಸ್ಟೆಪರ್ ಮೋಟಾರುಗಳು, ಸುತ್ತೊಂದಕ್ಕೆ 8 ಮಿಲಿಮೀಟರ್ ಸಾಗಿಸುವ ತಿರುಪುಸಲಾಕೆಗಳು, ಜಿಆರ್‌ಬಿಎಲ್ ಎಂಬ ಉಚಿತ ತಂತ್ರಾಂಶ ತುಂಬಿದ ಒಂದು ಆರ್ಡಿನೋ ಫಲಕ. ಇಷ್ಟನ್ನು ಸ್ವಂತ ಬುದ್ಧಿಯಿಂದ ಜೋಡಿಸಿದ ಹುಡುಗನನ್ನು ನಾನು ಮನಸಾರೆ ಮೆಚ್ಚಿದೆ. ಅವನು ಒಪ್ಪಿಕೊಂಡಿದ್ದ ಮೊದಲ ಕೆಲಸವೂ ಮೆಚ್ಚುವಂಥದೇ: ಅಂಗನವಾಡಿಯ ಮಕ್ಕಳಿಗಾಗಿ ಮರದ ಅಕ್ಷರಮಾಲೆ. ಹಲಗೆಯಲ್ಲಿ ಅಕ್ಷರದಾಕಾರದ ಕುಳಿ; ಅದರೊಳಗೆ ಮಗು ಅದೇ ಅಕ್ಷರದ ತುಂಡನ್ನು ಕೂರಿಸಬೇಕು.

ತುಂಡುಗಳು ಕುಳಿಗಳಲ್ಲಿ ಕೂರಲಿಲ್ಲ. ಅಲ್ಲದೆ ‘ಠ’ ಗುಂಡಗಿರಲಿಲ್ಲ. ಸುತ್ತಿನ ನಾಲ್ಕು ದಿಕ್ಕುಗಳಲ್ಲಿ ಯಾರೋ ಹತ್ತಿರಿ ಹೊಡೆದಂತೆ ಚಪ್ಪಟೆಯಾಗಿತ್ತು. ಇಂಗ್ಲಿಷಿನ ‘ಎಲ್’, ‘ಎಚ್’ಗಳನ್ನು ಕೊರೆದಿದ್ದರೆ ಈ ದೋಷ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ, ನಮ್ಮ ದುಂಡು ಲಿಪಿ ಯಂತ್ರದ ಗುಟ್ಟನ್ನೆಲ್ಲ ಹೊರಗೆಡಹಿತು!

ಅಳಿಯ ಒಂದೆರಡು ದಿನ ವಿಡಿಯೋಗಳನ್ನು ನೋಡಿ ಪರಿಹಾರದೊಡನೆ ಬಂದ. ಯಂತ್ರಕ್ಕೆ 100 ಮಿ.ಮೀ. ಸಾಗಲು ಹೇಳಿದರೆ ಅದು 99.60 ಮಾತ್ರ ಸಾಗುತ್ತಿದೆ. ಆದ್ದರಿಂದ ಮಿಲಿಮೀಟರಿಗೆ ಇಷ್ಟು ಹೆಜ್ಜೆ ಎಂಬ ಸಂಖ್ಯೆಯನ್ನು 200ರಿಂದ 200.80ಕ್ಕೆ ಏರಿಸಿಬಿಟ್ಟರಾಯಿತು.

“ಮಾವ, ಈಗ ಕರೆಕ್ಟಾಗಿ ನೂರು ಬಂತು, ನೋಡಿ.”

“ಹತ್ತು ಹೇಳಿದರೆ ಎಷ್ಟು ಬರುತ್ತದೆ?”

ಅದನ್ನು ಅವನು ನೋಡಿರಲಿಲ್ಲ. ಅವನ ಗುರುಗಳಾದ ವಿಡಿಯೋಗಳು ಅದನ್ನು ನೋಡಲು ಹೇಳಿರಲೂ ಇಲ್ಲ.

ನನ್ನ ಆಕ್ಷೇಪ ಇಲ್ಲಿದೆ. ಆ 200 ಎಂಬುದು ಯಾರೋ ಊಹಿಸಿ ಬರೆದ ಸಂಖ್ಯೆಯಲ್ಲ. ಮೋಟಾರಿನ ಒಂದು ಸುತ್ತಿಗೆ 200 ಹೆಜ್ಜೆ. ಚಾಲಕಫಲಕ ಪ್ರತಿ ಹೆಜ್ಜೆಯನ್ನು ಎಂಟಾಗಿ ಸೀಳುವುದರಿಂದ 1600. ಸುತ್ತಿಗೆ 8 ಮಿ.ಮೀ. ಸಾಗುವುದರಿಂದ ಭಾಗಿಸಿದರೆ 200. ಲೆಕ್ಕ ಏಳನೆಯ ತರಗತಿಯದು. ಈ ಲೆಕ್ಕಕ್ಕೂ ಅಳತೆಗೂ ತಾಳೆಯಾಗದಿದ್ದರೆ ಯಂತ್ರ ನಮಗೇನೋ ಹೇಳುತ್ತಿದೆ ಎಂದರ್ಥ. ಸಂಖ್ಯೆಯನ್ನು ತಿದ್ದುವುದೆಂದರೆ ಅದರ ಬಾಯಿ ಮುಚ್ಚಿಸಿದ ಹಾಗೆ.

ಪರಿಚಯದ ಲೇತ್ ಅಂಗಡಿಯಿಂದ 300 ಮಿ.ಮೀ.ನ ವರ್ನಿಯರ್ ತರಿಸಿದೆ. ಸಂಖ್ಯೆಯನ್ನು ಮತ್ತೆ 200ಕ್ಕೆ ಇಳಿಸಿ, ಪ್ರತಿಸಲವೂ ಗಾಡಿಯನ್ನು ಎಡಕ್ಕೆ ತಂದು ನಿಲ್ಲಿಸಿ ಬಲಕ್ಕೆ ಓಡಿಸಿದೆವು. 10ಕ್ಕೆ 9.62, 50ಕ್ಕೆ 49.60; 100ಕ್ಕೆ 99.60, 200ಕ್ಕೆ 199.58. ನೋಡಿದಿರಾ? ಹತ್ತಕ್ಕೂ ಸುಮಾರು 0.4 ಕಡಿಮೆ, ಇನ್ನೂರಕ್ಕೂ 0.4 ಕಡಿಮೆ. ಹೆಜ್ಜೆಯ ಲೆಕ್ಕ ತಪ್ಪಿದ್ದರೆ ದೂರ ಹೆಚ್ಚಿದಂತೆ ಕೊರತೆಯೂ ಹೆಚ್ಚಬೇಕಿತ್ತು. ಇದು ಬದಲಾಗದ ಕೊರತೆ. ದಿಕ್ಕು ಬದಲಿಸಿದಾಗಲೆಲ್ಲ ತಿರುಪು ತಿರುಗುತ್ತದೆ, ಗಾಡಿ ಮಾತ್ರ ಮೊದಲ 0.4 ಮಿ.ಮೀ.ವರೆಗೆ ಅಲುಗುವುದಿಲ್ಲ. ಲೇತಿನವರು ಇದನ್ನೇ ‘ಪ್ಲೇ ಇದೆ’ ಎನ್ನುತ್ತಾರೆ, ಪುಸ್ತಕಗಳಲ್ಲಿ ಬ್ಯಾಕ್‌ಲ್ಯಾಶ್. ‘ಠ’ದ ಚಪ್ಪಟೆಗೂ ಇದೇ ಕಾರಣ: ವೃತ್ತ ಕೊರೆಯುವಾಗ ಒಂದೊಂದು ಅಕ್ಷವೂ ದಿಕ್ಕು ಬದಲಿಸುವ ಬಿಂದುಗಳಲ್ಲಿ ಅದು ಕ್ಷಣಕಾಲ ನಿಂತುಬಿಡುತ್ತದೆ, ಇನ್ನೊಂದು ಓಡುತ್ತಲೇ ಇರುತ್ತದೆ.

ಹಾಗಾದರೆ 200.80 ಎಂಬ ಆ ‘ತಿದ್ದುಪಡಿ’ ಏನು ಮಾಡಿತ್ತು? 100ರಲ್ಲಿ ಮಾತ್ರ ಸರಿಯಾದ ಉತ್ತರ ಕೊಟ್ಟು, 200ರಲ್ಲಿ 0.4 ಹೆಚ್ಚು, 10ರಲ್ಲಿ 0.36 ಕಡಿಮೆ ಮಾಡುವಂತಿತ್ತು. ಪರೀಕ್ಷಿಸಿದ ಒಂದೇ ಜಾಗದಲ್ಲಿ ಯಂತ್ರ ಸತ್ಯವಂತ, ಉಳಿದೆಡೆಯೆಲ್ಲ ಸುಳ್ಳುಗಾರ. ನಮ್ಮ ನಾಡಿನಲ್ಲಿ ಇದಕ್ಕೊಂದು ಮುದ್ದಾದ ಹೆಸರಿದೆ: ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’. ಬಸ್ಸಿನ ಸೀಟಿನಲ್ಲಿ ಅದು ಸದ್ಗುಣವಿರಬಹುದು. ಅಳತೆಯಲ್ಲಿ ಅದು ವಂಚನೆ.

ನ್ಯಾಯವಾಗಿ ಎದುರುಪಕ್ಷದ ಮಾತನ್ನೂ ಹೇಳಬೇಕು. ಬೆಲ್ಟಿನಿಂದ ಓಡುವ ಯಂತ್ರಗಳಲ್ಲಿ ಬೆಲ್ಟು ಹಿಗ್ಗುವುದರಿಂದ ಈ ಸಂಖ್ಯೆಯನ್ನು ತುಸು ತಿದ್ದಬೇಕಾಗಿ ಬರುತ್ತದೆ. ಅಗ್ಗದ ತಿರುಪುಗಳಲ್ಲೂ ನಿಜವಾದ ಹೆಚ್ಚುಕಡಿಮೆ ಇರಬಹುದು. ಹಾಗೆಯೇ ಸಡಿಲನ್ನು ಲೆಕ್ಕದಲ್ಲೇ ತುಂಬಿಕೊಡುವ ಸೌಲಭ್ಯ ಲಿನಕ್ಸ್‌ಸಿಎನ್‌ಸಿಯಂಥ ನಿಯಂತ್ರಕಗಳಲ್ಲಿದೆ. ಇರಲಿ. ಆದರೆ ನಾಲ್ಕು ದೂರಗಳಲ್ಲಿ ಅಳೆಯದೆ ಯಾವುದು ಯಾವ ದೋಷವೆಂದು ಹೇಗೆ ತಿಳಿಯುತ್ತದೆ? ಇನ್ನು ಸಡಿಲನ್ನು ಲೆಕ್ಕದಲ್ಲಿ ತುಂಬಿದರೂ, ಉಳಿ ಮರವನ್ನು ಕಚ್ಚಿ ಎಳೆದಾಗ ಗಾಡಿ ಆ ಸಡಿಲಿನೊಳಗೆ ಅತ್ತಿತ್ತ ಜಾರುವುದನ್ನು ಯಾವ ತಂತ್ರಾಂಶ ತಡೆದೀತು?

ಕೊನೆಗೆ ಡಯಲ್ ಗೇಜಿನ ಮೂತಿಯನ್ನು ತಿರುಪುಸಲಾಕೆಯ ತುದಿಗೆ ತಾಗಿಸಿ ಗಾಡಿಯನ್ನು ಕೈಯಿಂದ ಅಲುಗಿಸಿದೆವು. ಸಲಾಕೆಯೇ ಉದ್ದಕ್ಕೆ 0.3 ಮಿ.ಮೀ. ಸರಿಯುತ್ತಿತ್ತು! ಬೇರಿಂಗಿಗೂ ಅದರ ಪಕ್ಕದ ಕಾಲರಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದಿತ್ತು. ಕಾಲರನ್ನು ಒತ್ತಿ ಬಿಗಿದದ್ದು ಐದು ನಿಮಿಷದ ಕೆಲಸ. ಉಳಿದದ್ದು ಹಿತ್ತಾಳೆ ನಟ್ಟಿನ ಸಡಿಲು. ಸ್ಪ್ರಿಂಗ್ ಇರುವ ಜೋಡಿ ನಟ್ಟು ಹಾಕಿದ ಮೇಲೆ 10ಕ್ಕೆ 9.94, 200ಕ್ಕೆ 199.92 ಬಂತು. ಹೆಜ್ಜೆಯ ಸಂಖ್ಯೆ ಮೊದಲಿನ 200 ಆಗಿಯೇ ಉಳಿಯಿತು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಯಂತ್ರದಿಂದಾಗಿ ಅಲ್ಲ.

ನಾನು ಭೌತಶಾಸ್ತ್ರ ಕಲಿಸುತ್ತಿದ್ದ ವರ್ಷಗಳಲ್ಲಿ ಸರಳ ಲೋಲಕದ ಪ್ರಯೋಗ ಮಾಡಿಸುತ್ತಿದ್ದೆ, ನಿಮಗೆ ನೆನಪಿರಬಹುದು. ನಿಮ್ಮ ರೆಕಾರ್ಡ್ ಪುಸ್ತಕಗಳಲ್ಲಿ ಗುರುತ್ವವೇಗೋತ್ಕರ್ಷ ತಪ್ಪದೆ 9.8 ಬರುತ್ತಿತ್ತು. ಹೇಗೆ ಬರುತ್ತಿತ್ತೆಂದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಉತ್ತರವನ್ನು ಮೊದಲು ಬರೆದು, ಕಾಲವನ್ನು ಹಿಂದಿನಿಂದ ಲೆಕ್ಕಹಾಕಿ ತುಂಬುತ್ತಿದ್ದಿರಿ. ನಾನು ಸರಿ ಗುರುತು ಹಾಕುತ್ತಿದ್ದೆ. ಒಬ್ಬ ಹುಡುಗ ಮಾತ್ರ 50 ಸೆಂಟಿಮೀಟರ್ ದಾರಕ್ಕೆ 9.5 ಎಂದೂ 100 ಸೆಂಟಿಮೀಟರಿಗೆ 9.65 ಎಂದೂ ಬರೆದು ತಂದ. ಎರಡು ಉತ್ತರ ಹೇಗಯ್ಯಾ ಬರುತ್ತದೆ ಎಂದು ಇಡೀ ತರಗತಿಯೆದುರು ಗದರಿಸಿ, ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದೆ.

ಅವನು ದಾರವನ್ನು ಮಾತ್ರ ಅಳೆದಿದ್ದ. ಗುಂಡಿನ ಮಧ್ಯದವರೆಗಿನ ಒಂದೂವರೆ ಸೆಂಟಿಮೀಟರನ್ನು ಬಿಟ್ಟಿದ್ದ. ಅದೂ ಬದಲಾಗದ ಕೊರತೆಯೇ! ದಾರದ ಉದ್ದಕ್ಕೂ ಕಾಲದ ವರ್ಗಕ್ಕೂ ಒಂದು ನಕ್ಷೆ ಎಳೆಸಿದ್ದರೆ, ರೇಖೆಯ ಓಟದಿಂದ ಸರಿಯಾದ 9.8 ತಾನೇ ಸಿಗುತ್ತಿತ್ತು; ರೇಖೆ ಅಕ್ಷವನ್ನು ಕಡಿಯುವ ಜಾಗದಲ್ಲಿ ಆ ಒಂದೂವರೆ ಸೆಂಟಿಮೀಟರ್ ಕೂಡ ಕಾಣುತ್ತಿತ್ತು. ಇಡೀ ತರಗತಿಯಲ್ಲಿ ನಿಜವಾದ ಪ್ರಯೋಗ ಮಾಡಿದವನು ಅವನೊಬ್ಬನೇ. ಅಂಕ ಕಳೆದುಕೊಂಡವನೂ ಅವನೊಬ್ಬನೇ. ಆದ್ದರಿಂದ ವಿಡಿಯೋ ಗುರುಗಳ ಮೇಲೆ ನಾನು ಎಸೆಯುವ ಕಲ್ಲು ನನ್ನ ಅಂಗಳದಲ್ಲೂ ಬೀಳುತ್ತದೆ, ಬೀಳಲಿ. ಇಂದಿಗೂ ಪಾಠ ಹೇಳುತ್ತಿರುವ ನನ್ನ ಶಿಷ್ಯರೇ, ನಿಮ್ಮ ಪ್ರಯೋಗಾಲಯದಲ್ಲಿ ಈಗ ಎಷ್ಟು ಬರುತ್ತಿದೆ? ಎಲ್ಲರಿಗೂ 9.8 ಬರುತ್ತಿದ್ದರೆ ನೀವು ಕಲಿಸುತ್ತಿರುವುದು ಭೌತಶಾಸ್ತ್ರವಲ್ಲ. ಅಂಥವನೊಬ್ಬನ ಕೈಯಲ್ಲಿ ನಾಳೆ ಸೇತುವೆಯೋ ಔಷಧದ ತಕ್ಕಡಿಯೋ ಇರುತ್ತದೆ.

ಆ ಹುಡುಗ ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ಸಾಲು ಬರೆಯಲಿ. ಕ್ಷಮೆ ಕೇಳುವುದಿದೆ.

ಇತ್ತ ಕೊಟ್ಟಿಗೆಯಲ್ಲಿ ಕೆಲಸ ಇನ್ನೂ ಮುಗಿದಿಲ್ಲ. 300ಕ್ಕೆ 400ರ ಆಯತ ಗೀಚಿಸಿ ಕರ್ಣಗಳನ್ನು ಅಳೆದರೆ ಒಂದು 501, ಇನ್ನೊಂದು 499. ಶುಲ್ಬಸೂತ್ರದ ಬೌಧಾಯನ ಹಗ್ಗ ಹಿಡಿದು ಬಂದಿದ್ದರೂ ಕೂಡಲೇ ಹಿಡಿದುಬಿಡುತ್ತಿದ್ದ: ಚೌಕಟ್ಟು ಮೂಲೆಮಟ್ಟಕ್ಕಿಲ್ಲ, 400ರ ಉದ್ದಕ್ಕೆ ಒಂದೂವರೆ ಮಿ.ಮೀ.ಗಿಂತ ತುಸು ಹೆಚ್ಚೇ ಓರೆ. ಬೋಲ್ಟು ಸಡಿಲಿಸಿ ತಿದ್ದುತ್ತಿದ್ದೇವೆ. ‘ಠ’ ಈಗ ತನ್ನ ಕುಳಿಯಲ್ಲಿ ಯಾವ ಮಗ್ಗುಲಿಗೂ ಅಲುಗದೆ ಕೂರುತ್ತದೆ. ‘ಞ’ದ ಒಳಮೂಲೆಗಳಿಗೆ 3 ಮಿ.ಮೀ. ಉಳಿ ಹೋಗುತ್ತಿಲ್ಲ, ಭಾನುವಾರ ಇನ್ನೂ ಸಣ್ಣದನ್ನು ತರುತ್ತಾನಂತೆ.