ಗೇಟಿನೊಳಗಿನ ಮನೆ

ಮಗನೋ ಮಗಳೋ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಗೇಟು ಹಾಕಿದ ಬಡಾವಣೆಯಲ್ಲಿ ಮನೆ ಕೊಳ್ಳುತ್ತೇವೆಂದರೆ ನಮಗೆ ಹಿಗ್ಗೋ ಹಿಗ್ಗು. ಹಿಗ್ಗೋಣ. ಆದರೆ ಸೋದರಿಯರೇ, ನಾಲ್ಕು ಮಾತು ಕೇಳಿಕೊಳ್ಳುವುದೂ ಒಳ್ಳೆಯದು.

ಅನುಕೂಲ ಇಲ್ಲವೆಂದಲ್ಲ. ಹೊರಗಿನ ವಾಹನಗಳ ಓಡಾಟ ಕಡಿಮೆ. ಮಕ್ಕಳು ಸೈಕಲ್ ತುಳಿಯಬಹುದು. ಒಳರಸ್ತೆ, ಪಾರ್ಕು, ಈಜುಕೊಳಗಳನ್ನು ಮನೆಯೊಡೆಯರ ಸಂಘವೇ ನೋಡಿಕೊಳ್ಳುತ್ತೆ.

ಬಿಟ್ಟಿಯೇನಲ್ಲ! ಬ್ಯಾಂಕಿನ ಕಂತಲ್ಲದೆ ಸಂಘದ ವಂತಿಗೆಯನ್ನೂ ಕಟ್ಟಬೇಕು. ವಂತಿಗೆಯ ಬಾಕಿ 1,800 ಡಾಲರ್ ಮುಟ್ಟಿದರೆ, ಇಲ್ಲವೇ 12 ತಿಂಗಳು ಮೀರಿದರೆ, ಕಾನೂನುಕ್ರಮದಲ್ಲಿ ಮನೆಯನ್ನೇ ಹರಾಜಿಗೆ ತರುವ ಅಧಿಕಾರ ಸಂಘಕ್ಕುಂಟು. ಹೊರಗೋಡೆಯ ಬಣ್ಣ ಬದಲಿಸಲೂ ಸಾಮಾನ್ಯವಾಗಿ ಅದರ ಒಪ್ಪಿಗೆ ಬೇಕು. ಸ್ವಂತ ಹಿತ್ತಲಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸಲು ಕೂಡ ಅಲ್ಲಿ ಕಾನೂನೇ ಬರಬೇಕಾಯಿತು, ಅದೂ 2016ರಲ್ಲಿ. ಬಾಲ್ಕನಿಗೆ ಆ ರಕ್ಷಣೆಯೂ ಇಲ್ಲ.

ಕಾರು ಓಡಿಸಲು ಬಾರದ ನಾವು ಹೋದರಂತೂ, ಅಂಗಡಿ ದೂರವಿದ್ದರೆ ಕೊತ್ತಂಬರಿ ಸೊಪ್ಪಿಗೂ ಮಕ್ಕಳ ದಾರಿ ಕಾಯಬೇಕು.

ಅದಕ್ಕೇ, ಸಹಿ ಹಾಕುವ ಮುನ್ನ ಮಕ್ಕಳಿಗೆ ಹೇಳಿ: ಸಂಘದ ನಿಯಮಾವಳಿ, ಲೆಕ್ಕಪತ್ರ ಕೇಳಿ ಪಡೆಯಿರಿ, ಮಾರುವವರು ಕೊಡಲೇಬೇಕು. ದುರಸ್ತಿ ನಿಧಿಯಲ್ಲಿ ಹಣವಿಲ್ಲದಿದ್ದರೆ ನಾಳೆ ವಿಶೇಷ ವಂತಿಗೆ ಬಂದೀತು. ಗೇಟು ಕಾವಲಿಗೆ ಸರಿ. ಒಳಗೆ ಬಾಳುವವರು ನಾವಲ್ಲವೇ?